ಪ್ಯಾದೆ ಬಿಟ್ಟು ಹೊರಟ ರಾಜ

ಚೆಸ್ ಆಡುವವರ ಬಾಯಲ್ಲಿ ಕಾಪಾಬ್ಲಾಂಕಾ ಅಂದರೆ ಎಂಡ್‌ಗೇಮ್, ಅಂದರೆ ಕೆಲವೇ ಕಾಯಿ ಉಳಿದ ಆಟದ ಕೊನೆಯ ಹಂತ. ಕ್ಯೂಬಾದವನು, 1921ರಿಂದ 1927ರವರೆಗೆ ವಿಶ್ವ ಚಾಂಪಿಯನ್. 1924ರ ನ್ಯೂಯಾರ್ಕ್ ಟೂರ್ನಿಯಲ್ಲಿ ಅವನು ಟಾರ್ಟಕೋವರ್ ವಿರುದ್ಧ ಆಡಿದ ಆಟವೊಂದಿದೆ. ನನಗೆ ಅದರ ಮೇಲೆ ಬಹಳ ಪ್ರೀತಿ. ರಾಣಿಯನ್ನು ಬಲಿ ಕೊಟ್ಟು ಮೇಟ್ ಮಾಡುವ, ಅಂದರೆ ಎದುರಾಳಿ ರಾಜ ತಪ್ಪಿಸಿಕೊಳ್ಳದಂತೆ ಕಟ್ಟಿಹಾಕುವ ಆಟಗಳಿಗೆ ಚಪ್ಪಾಳೆ ಜಾಸ್ತಿ ಬೀಳುತ್ತದೆ, ನಿಜ. ಆದರೆ ಅಂಥ ಅವಕಾಶ ನಮ್ಮಂಥವರ ಬೋರ್ಡಿನ ಮೇಲೆ ಬರುವುದೇ ಅಪರೂಪ. ಒಂದೊಂದು ಆನೆ, ನಾಲ್ಕೈದು ಪ್ಯಾದೆ ಉಳಿಯೋ ಆಟಗಳೇ ಎಲ್ಲರಿಗೂ ಬರುವುದು. ಅದನ್ನು ಕಲಿಯಲು ಇದಕ್ಕಿಂತ ಒಳ್ಳೆಯ ಆಟ ನಾನು ನೋಡಿಲ್ಲ.

ಕಳೆದ ಮಳೆಗಾಲದಲ್ಲಿ ಒಂದು ಭಾನುವಾರ ಧಾರವಾಡದ ಮಾಳಮಡ್ಡಿಯಲ್ಲಿ ಅಕ್ಕನ ಮನೆಗೆ ಹೋಗಿದ್ದೆ. ಬೆಳಗಿನಿಂದ ಜಿಟಿಜಿಟಿ ಮಳೆ, ಹೊರಗೆ ಕಾಲಿಡುವ ಹಾಗಿರಲಿಲ್ಲ. ಅಕ್ಕನ ಮಗಳು ಹಿಂದಿನ ದಿನವಷ್ಟೇ ಹುಬ್ಬಳ್ಳಿಯಲ್ಲಿ ಒಂದು ಟೂರ್ನಿ ಆಡಿ ಬಂದಿದ್ದಳು. ಕೊನೆಯ ಸುತ್ತಿನಲ್ಲಿ ಒಂದು ಪ್ಯಾದೆ ಹೆಚ್ಚಿದ್ದರೂ ಡ್ರಾ ಆಗಿತ್ತು. ನಡೆಗಳನ್ನು ಬರೆದಿಟ್ಟ ಸ್ಕೋರ್‌ಶೀಟ್ ನೋಡಿದೆ. ಇವಳ ಆನೆ ಆ ಹೆಚ್ಚಿನ ಪ್ಯಾದೆಯನ್ನು ಕಾಯುತ್ತ ಕೂತಲ್ಲೇ ಕೂತಿತ್ತು. ರಾಜ ಮೂಲೆ ಬಿಟ್ಟು ಬಂದಿರಲೇ ಇಲ್ಲ. ಅವಳದೇನೂ ತಪ್ಪಲ್ಲ. ಮಕ್ಕಳಿಗೆ ಮೊದಲ ದಿನದಿಂದ ರಾಜನನ್ನು ಬಚ್ಚಿಡು, ಕಾಯಿ ಕಳೆದುಕೊಳ್ಳಬೇಡ ಅಂತಲೇ ಹೇಳಿಕೊಡುತ್ತೇವಲ್ವಾ. ನಾನು ಬುದ್ಧಿ ಹೇಳಲು ಹೋಗಲಿಲ್ಲ. ಜಮಖಾನದ ಮೇಲೆ ಬೋರ್ಡ್ ಹಾಸಿ, ಕಾಪಾಬ್ಲಾಂಕಾನ ಆಟ ಶುರು ಮಾಡಿದೆ.

ಆ ಟೂರ್ನಿಯ ಹಿಂದಿನ ಸುತ್ತಿನಲ್ಲಷ್ಟೇ ರೆಟಿ ಎಂಬ ಆಟಗಾರ ಕಾಪಾಬ್ಲಾಂಕಾನನ್ನು ಸೋಲಿಸಿದ್ದ. ಎಂಟು ವರ್ಷಗಳಲ್ಲಿ ಅವನಿಗಾದ ಮೊದಲ ಸೋಲು ಅದು. ಇದನ್ನು ಹೇಳಿದಾಗ ಅವಳ ಮುಖ ಸ್ವಲ್ಪ ಅರಳಿತು. ಟಾರ್ಟಕೋವರ್ ಕರಿ ಕಾಯಿಗಳಿಂದ ಡಚ್ ಡಿಫೆನ್ಸ್ ಎಂಬ ಆರಂಭ ಆಡಿದ. ಶುರುವಿನ ನಡೆಗಳನ್ನು ಬೇಗ ಬೇಗ ದಾಟಿಸಿದೆ. 25ನೇ ನಡೆಯಿಂದ ರಾಣಿಗಳು, ಒಂದು ಜೋಡಿ ಆನೆ ಬೋರ್ಡಿನಿಂದ ಹೋದವು. 30ನೇ ನಡೆಗೆ ಬಿಳಿ ಆನೆ ಎಚ್7ಕ್ಕೆ ಬಂದು ಕೂತಿತು (ಅಕ್ಷರ ಉದ್ದಸಾಲಿನ ಹೆಸರು, ಎಡದಿಂದ ಎ–ಎಚ್; ಅಂಕಿ ಬಿಳಿ ಕಡೆಯಿಂದ ಎಣಿಸಿದ ಅಡ್ಡಸಾಲು). ಏಳನೇ ಸಾಲಿನಲ್ಲಿ ಆನೆ ಬಂದರೆ ಎದುರಾಳಿ ರಾಜ ಎಂಟನೇ ಸಾಲಿನಲ್ಲೇ ಸಿಕ್ಕಿಬೀಳುತ್ತಾನೆ, ಮೇಲೆ ಬರಲಾರ. 34ನೇ ನಡೆಯಲ್ಲಿ ಬಿಳಿ ಒಂಟೆ, ಕರಿ ಕುದುರೆ ಎರಡೂ ಹೋದವು. ಅಲ್ಲಿ ನಿಲ್ಲಿಸಿದೆ.

ಎರಡೂ ಕಡೆ ಐದೈದು ಪ್ಯಾದೆ, ಒಂದೊಂದು ಆನೆ. ಬಿಳಿ ರಾಜ ಎಫ್3ರಲ್ಲಿ. ಬಿಳಿಯ ಜಿ5 ಪ್ಯಾದೆಯ ಮುಂದೆ ದಾರಿ ಖಾಲಿ. ಆದರೆ ಕರಿ ಆನೆ ಸಿ6ರಲ್ಲಿ ಕೂತು ಸಿ3ರ ಪ್ಯಾದೆಗೆ ಗುರಿ ಇಟ್ಟಿದೆ.

"ಈಗ ನೀ ಆಡು" ಅಂದೆ.

ಅವಳು ಗದ್ದಕ್ಕೆ ಕೈ ಕೊಟ್ಟು ಬಹಳ ಹೊತ್ತು ಸಿ3 ನೋಡುತ್ತ ಕೂತಳು. "ಮಾಮಾ, ಇದು ಉಳ್ಯಾಂಗಿಲ್ಲ" ಅಂದಳು. ಆದರೂ ಕೈ ಮಾತ್ರ ರಾಜನನ್ನು ಇ3ಕ್ಕೆ ಇಟ್ಟಿತು, ಪ್ಯಾದೆಗಳ ಕಡೆಗೆ. ಯಾರ ಕೈಯಾದರೂ ಮೊದಲು ಆ ಕಡೆಗೇ ಹೋಗುತ್ತದೆ.

ಕಾಪಾಬ್ಲಾಂಕಾ ರಾಜನನ್ನು ಜಿ3ಕ್ಕೆ ಇಟ್ಟ. ಕರಿ ಆನೆ ಸಿ3 ತಿಂದು ಚೆಕ್ ಕೊಟ್ಟಿತು. ರಾಜ ಎಚ್4ಕ್ಕೆ ಹೋದ. ಆನೆ ಎಫ್3ಕ್ಕೆ ಬಂದು ಇನ್ನೊಂದು ಪ್ಯಾದೆಗೆ ಕೈ ಹಾಕಿತು. ಬಿಳಿ ಅದನ್ನೂ ಬಿಟ್ಟು ಜಿ6 ಆಡಿತು. ಎಫ್4ರ ಪ್ಯಾದೆಯೂ ಹೋಯಿತು, ಮತ್ತೆ ಚೆಕ್. ರಾಜ ಜಿ5ಕ್ಕೆ ಬಂದು ಆನೆಯನ್ನೇ ಓಡಿಸಿದ. ಅದು ಇ4ಕ್ಕೆ ಸರಿಯಿತು.

"ಎರಡು ಪ್ಯಾದೆ ಸುಮ್ನ ಕೊಟ್ನಲ್ಲ ಇಂವಾ!" ಅವಳಿಗೆ ತಡೆಯಲಾಗಲಿಲ್ಲ.

"ಹೌದು. ಈಗ ಎಫ್5ರ ಕರಿ ಪ್ಯಾದೆ ಪುಕ್ಕಟೆ ಸಿಗತೈತಿ. ತಿಂತಿಯೇನು?"

"ತಿಂತೀನಿ. ಆನಿಗೂ ಏಟು ಬೀಳತೈತಿ."

ಕಾಪಾಬ್ಲಾಂಕಾ ತಿನ್ನಲಿಲ್ಲ. ಅದರ ಪಕ್ಕದಿಂದ ಹಾದು ಎಫ್6ಕ್ಕೆ ಹೋಗಿ ನಿಂತ. ಈಗ ಬಿಳಿ ಆನೆ ಎಚ್8ಕ್ಕೆ ಬಂದರೆ ಮೇಟ್. ಕರಿ ಆನೆಗೆ ಹಿಂದಿನಿಂದ ಚೆಕ್ ಕೊಡಲು ಎಫ್ ಸಾಲೇ ಬೇಕು. ಆ ಸಾಲಿನಲ್ಲಿ ಅವರದೇ ಪ್ಯಾದೆ ಅಡ್ಡ ನಿಂತಿದೆ. ಶತ್ರುವಿನ ಪ್ಯಾದೆಯೇ ಬಿಳಿ ರಾಜನಿಗೆ ಕೊಡೆ ಹಿಡಿದ ಹಾಗೆ. ತಿಂದಿದ್ದರೆ ಆ ಕೊಡೆ ಹೋಗುತ್ತಿತ್ತು, ಚೆಕ್ ಮೇಲೆ ಚೆಕ್ ಬೀಳುತ್ತಿತ್ತು.

ಅವಳು ಬೋರ್ಡಿನ ಆ ಬದಿಗೆ ಹೋಗಿ ಕರಿ ಕಡೆಯಿಂದ ನೋಡಿದಳು. ಆನೆಯನ್ನು ಎಫ್4ಕ್ಕೆ ತಂದಳು, ಎಫ್1ಕ್ಕೆ ತಂದಳು. ಎಲ್ಲಿಂದಲೂ ರಾಜ ಸಿಗಲಿಲ್ಲ. ಇ6ರಲ್ಲಿ ಚೆಕ್ ಕೊಟ್ಟರೆ ರಾಜನೇ ಆನೆಯನ್ನು ತಿನ್ನುತ್ತಾನೆ. ಅದನ್ನೂ ಇಟ್ಟು ನೋಡಿ ತೆಗೆದಳು.

ಮುಂದಿನದು ಬೇಗ ಮುಗಿಯಿತು. ಬಿಳಿ ಆನೆ ಜಿ7ರಲ್ಲಿ ಚೆಕ್ ಕೊಟ್ಟು ಸಿ7 ತಿಂದಿತು. ಮೇಟ್ ತಪ್ಪಿಸಲು ಕರಿ ಆನೆ ಇ8ಕ್ಕೆ ಓಡಬೇಕಾಯಿತು. ಆಗ, ಅವಸರವೇ ಇಲ್ಲದೆ, ರಾಜ ಎಫ್5 ತಿಂದ. ಆಮೇಲೆ ಎ7, ಡಿ5 ಕೂಡ ಹೋದವು. ಎರಡು ಕೊಟ್ಟು ನಾಲ್ಕು ತೆಗೆದುಕೊಂಡ. 52ನೇ ನಡೆಗೆ ಟಾರ್ಟಕೋವರ್ ಸೋಲೊಪ್ಪಿದ. ಟಾರ್ಟಕೋವರ್ ಕಡಿಮೆ ಆಟಗಾರನೇನಲ್ಲ. ಆದರೆ ಅವನ ಆನೆ ತಿನ್ನುತ್ತ ತಿರುಗುತ್ತಿದ್ದಾಗ ಅವನ ರಾಜ ಮೂಲೆಯಲ್ಲಿ ಒಬ್ಬನೇ ಇದ್ದ.

ಅವಳು ಎದ್ದು ಹೋಗಿ ಸ್ಕೋರ್‌ಶೀಟ್ ತಂದಳು. ತನ್ನ ಡ್ರಾ ಆದ ಸ್ಥಿತಿಯನ್ನು ಜೋಡಿಸಿ, ನನ್ನನ್ನು ಎದುರಾಳಿಯ ಕಡೆ ಕೂರಿಸಿದಳು. ಈ ಸಲ ಪ್ಯಾದೆಯನ್ನು ಅದರ ಪಾಡಿಗೆ ಬಿಟ್ಟು ಆನೆಯನ್ನು ಏಳನೇ ಸಾಲಿಗೆ ಕಳಿಸಿದಳು, ರಾಜನನ್ನು ನಡುಬೋರ್ಡಿಗೆ ನಡೆಸಿದಳು. ನಾನು ಪ್ಯಾದೆ ತಿಂದೆ. ಆದರೂ ಉಸಿರಾಡಲು ಜಾಗ ಸಿಗಲಿಲ್ಲ. ಅಕ್ಕ ಗಿರ್ಮಿಟ್ ತಂದಿಟ್ಟು ಎರಡು ಸಲ ಕರೆದಳು, ಇಬ್ಬರೂ ಏಳಲಿಲ್ಲ.

ಆಮೇಲೆ ಒಂದು ವಾದ ಶುರುವಾಯಿತು, ಫೋನಿನಲ್ಲಿ ಇನ್ನೂ ನಡೆದಿದೆ. ಅವಳ ಪ್ರಕಾರ ಈ ಆಟದ ದೊಡ್ಡ ನಡೆ 35ನೆಯದು, ಪ್ಯಾದೆ ಬಿಟ್ಟು ಹೊರಟದ್ದು. ನಾನು 39ನೆಯದು ಅನ್ನುತ್ತೇನೆ. ಕೊಡುವ ಧೈರ್ಯ ಹೇಗೋ ಬಂದೀತು. ಕೈಗೆ ಬಂದ ಪ್ಯಾದೆಯನ್ನು ತಿನ್ನದೆ ಪಕ್ಕದಲ್ಲೇ ಹಾದುಹೋಗಬೇಕಲ್ಲ, ಅದು ಕಷ್ಟ ಅಂತ ನನ್ನ ವಾದ. ಅವಳು ಒಪ್ಪುವುದಿಲ್ಲ. "ಮೊದಲ್ನೇದು ಆಡದಿದ್ರ ಎರಡನೇದು ಎಲ್ಲಿಂದ ಬರತೈತಿ ಮಾಮಾ?" ಅನ್ನುತ್ತಾಳೆ.