ಹರ್ಮಾಯನಿಗೆ ಆ ಶಕ್ತಿ ಎಲ್ಲಿಂದ ಬಂತು?

ಇಳಕಲ್ಲಿನ ಕಾಲೇಜೊಂದರಲ್ಲಿ ನಾನು ಜೀವಶಾಸ್ತ್ರ ಕಲಿಸುತ್ತೇನೆ. ಹೆತ್ತವರ ಗುಣ ಮಕ್ಕಳಿಗೆ ಹೇಗೆ ಬರುತ್ತದೆಂದು ತೋರಿಸುವ ಮೆಂಡೆಲನ ಬಟಾಣಿ ಗಿಡಗಳ ಪಾಠ ಮುಗಿದ ದಿನ ಯಾರಾದರೊಬ್ಬರು ಕೈ ಎತ್ತುತ್ತಾರೆ. "ಮೇಡಂ, ಹ್ಯಾರಿ ಪಾಟರ್ ಕಥೆಯ ಹರ್ಮಾಯನಿಯ ತಂದೆ ತಾಯಿ ಇಬ್ಬರೂ ಹಲ್ಲಿನ ವೈದ್ಯರು, ಮಂತ್ರದ ಗಂಧಗಾಳಿ ಇಲ್ಲದವರು. ಅವಳಿಗೆ ಆ ಶಕ್ತಿ ಎಲ್ಲಿಂದ ಬಂತು?"

ಮೆಂಡೆಲನ ಲೆಕ್ಕದಿಂದ ಉತ್ತರ ಹುಡುಕಿದವರಿದ್ದಾರೆ. 2005ರಲ್ಲಿ 'ನೇಚರ್' ವಿಜ್ಞಾನ ಪತ್ರಿಕೆಯಲ್ಲಿ ಬಂದ ಪತ್ರವೊಂದು ಮಾಂತ್ರಿಕತೆ ದುರ್ಬಲ ಗುಣವಿರಬಹುದು ಎಂದಿತು. ತಾಯಿ ತಂದೆ ಇಬ್ಬರಿಂದಲೂ ಬಂದರೆ ಮಾತ್ರ ಹೊರಗೆ ಕಾಣುವ ಗುಣವದು. ಹಾಗಾದರೆ ಹರ್ಮಾಯನಿಯ ಲೆಕ್ಕ ಸರಿಹೋಗುತ್ತದೆ, ಆದರೆ ಮಾಂತ್ರಿಕ ದಂಪತಿಗೆ ಶಕ್ತಿಯಿಲ್ಲದ ಮಗು ಹುಟ್ಟುವಂತಿಲ್ಲ. ಕಥೆಯಲ್ಲಿ ಅಂಥವರಿದ್ದಾರೆ, ಅವರನ್ನು ಸ್ಕ್ವಿಬ್ ಎನ್ನುತ್ತಾರೆ. ಒಬ್ಬರಿಂದ ಬಂದರೂ ಹೊರಗೆ ಕಾಣುವ ಪ್ರಬಲ ಗುಣ ಎಂದುಕೊಂಡರೆ ಸ್ಕ್ವಿಬ್‌ಗಳು ಲೆಕ್ಕಕ್ಕೆ ಸಿಗುತ್ತಾರೆ, ಹರ್ಮಾಯನಿ ತಪ್ಪಿಹೋಗುತ್ತಾಳೆ. ಇಂಥ ಮಕ್ಕಳ ವಂಶದಲ್ಲಿ ಎಷ್ಟೋ ತಲೆಮಾರುಗಳ ಹಿಂದಾದರೂ ಒಬ್ಬ ಮಾಂತ್ರಿಕ ಇದ್ದೇ ಇರುತ್ತಾನೆ ಎಂದು ಲೇಖಕಿ ರೋಲಿಂಗ್ ಹೇಳಿದ್ದುಂಟು.

ಬರೆದವರೇ ಹೇಳಿದರೂ ನನಗೆ ಈ ಮಾತು ಒಪ್ಪಿಗೆಯಿಲ್ಲ. ಏಳನೆಯ ಪುಸ್ತಕದಲ್ಲಿ ಮಾಂತ್ರಿಕರ ಆಡಳಿತ ದುಷ್ಟರ ಕೈಗೆ ಸಿಕ್ಕಾಗ ಒಂದು ವಿಚಾರಣಾ ಆಯೋಗ ಕೂರುತ್ತದೆ. ಮಂತ್ರಶಕ್ತಿ ರಕ್ತದಿಂದಲೇ ಬರಬೇಕು, ವಂಶದಲ್ಲಿ ಮಾಂತ್ರಿಕರಿಲ್ಲದವರು ಅದನ್ನು ಕದ್ದಿರಬೇಕು ಎಂಬುದು ಅದರ ವಾದ. ಮಕ್ಕಳ ತಾಯಿಯೊಬ್ಬಳನ್ನು ಕೂರಿಸಿಕೊಂಡು, ಈ ಮಂತ್ರದಂಡವನ್ನು ಯಾರಿಂದ ಕಸಿದುಕೊಂಡೆ ಎಂದು ಕೇಳುತ್ತಾರೆ. ತನ್ನನ್ನೇ ಆರಿಸಿಕೊಂಡ ದಂಡ ಅದು ಎಂದು ಅವಳು ಅಳುತ್ತಾಳೆ. ಹರ್ಮಾಯನಿಗೊಬ್ಬ ಮುತ್ತಜ್ಜನನ್ನು ಹುಡುಕಿಕೊಟ್ಟರೆ ಅವಳು ಬಿಡುಗಡೆಯಾದಾಳು, ಆದರೆ ಆ ಆಯೋಗದ ವಾದವನ್ನು ನಾವೂ ಒಪ್ಪಿದಂತಾಯಿತು. ಬಸವಣ್ಣ ಐಕ್ಯನಾದ ಕೂಡಲಸಂಗಮ ನಮ್ಮ ಜಿಲ್ಲೆಯಲ್ಲೇ ಇದೆ. ಕಾಸಿ ಕಮ್ಮಾರನಾದ, ಬೀಸಿ ಮಡಿವಾಳನಾದ ಎಂಬ ವಚನವನ್ನು ಚಿಕ್ಕಂದಿನಿಂದ ಬಾಯಿಪಾಠ ಮಾಡಿದ ನನ್ನಿಂದ ಅದು ಆಗದು.

ಆದ್ದರಿಂದ ನನ್ನ ಉತ್ತರ ಇಷ್ಟೇ: ಅದು ಯಾರಿಂದಲೂ ಬರಲಿಲ್ಲ, ಅವಳಲ್ಲಿಯೇ ಹುಟ್ಟಿತು. ಶಾಲೆಗೆ ಹೋಗುವ ರೈಲು ಹತ್ತುವ ಮೊದಲೇ ಅವಳು ಪಠ್ಯಪುಸ್ತಕಗಳನ್ನೆಲ್ಲ ಬಾಯಿಪಾಠ ಮಾಡಿದ್ದಳು, ಸಣ್ಣಪುಟ್ಟ ಮಂತ್ರಗಳನ್ನು ಮನೆಯಲ್ಲೇ ಪ್ರಯೋಗಿಸಿ ನೋಡಿದ್ದಳು. ನನ್ನ ತರಗತಿಯ ಹುಡುಗಿಯರಿಗೆ ಅವಳು ಅಷ್ಟು ಹತ್ತಿರವಾಗುವುದು ಇದರಿಂದಲೇ.

ಹೋದ ವರ್ಷ ಹಿಂದಿನ ಬೆಂಚಿನ ಹುಡುಗನೊಬ್ಬ ಎದ್ದು ನಿಂತ. "ಹಾಗಾದರೆ ಫಿಲ್ಚ್?"

ಫಿಲ್ಚ್ ಆ ಶಾಲೆಯ ಕಾವಲುಗಾರ, ಸ್ಕ್ವಿಬ್. ಅಂಚೆಯಲ್ಲಿ ಮಂತ್ರ ಕಲಿಸುವ ಪಾಠಗಳನ್ನು ಗುಟ್ಟಾಗಿ ತರಿಸಿಕೊಳ್ಳುತ್ತಾನೆ. ಆ ಲಕೋಟೆ ಹ್ಯಾರಿಯ ಕಣ್ಣಿಗೆ ಬಿದ್ದಿತೆಂದು ತಿಳಿದಾಗ ಅವನಿಗಾಗುವ ನಾಚಿಕೆಯನ್ನು ಓದುವಾಗಲೆಲ್ಲ ನನ್ನ ಹೊಟ್ಟೆಯಲ್ಲಿ ಸಂಕಟವಾಗುತ್ತದೆ. ಎಷ್ಟು ಕಾಸಿದರೂ ಅವನ ಕಬ್ಬಿಣ ಮಣಿಯುವುದಿಲ್ಲ. ಆ ಹುಡುಗನಿಗೆ ಅಂದು ನಾನು ಏನೂ ಹೇಳಲಿಲ್ಲ. ಫಿಲ್ಚ್‌ನ ಅಧ್ಯಾಯವನ್ನು ಮತ್ತೆ ಓದುತ್ತಿದ್ದೇನೆ.