ಬಲಗಡೆ ಖಾಲಿ ಇದೆಯಲ್ಲ!

ಕೊಟ್ಟಿಗೆಹಾರದಲ್ಲಿ ನೀರ್‌ದೋಸೆ ತಿಂದು ಚಾರ್ಮಾಡಿ ಘಾಟಿ ಇಳಿಯಲು ಹೊರಟಾಗ ಮಧ್ಯಾಹ್ನ ಮೂರು ಗಂಟೆ. ಅಕ್ಕನಿಗೆ ಧರ್ಮಸ್ಥಳದ ಹರಕೆಯೊಂದು ಬಾಕಿ ಇತ್ತು. ಮಳೆ ಅಂದ್ರೆ ನಮ್ಮ ಮೂಡಿಗೆರೆ ಕಡೆಯ ಮಳೆ, ವೈಪರ್ ಇದ್ದೂ ಇಲ್ಲದ ಹಾಗೆ. ಒಂದೆರಡು ತಿರುವು ಇಳಿಯುವಷ್ಟರಲ್ಲಿ ಗಾಡಿಗಳೆಲ್ಲ ನಿಂತುಬಿಟ್ಟವು. ಮುಂದೆ ಮರದ ಸಮೇತ ಧರೆ ಕುಸಿದಿದೆಯಂತೆ.

ಹತ್ತು ನಿಮಿಷ ಎಲ್ಲರೂ ಸುಮ್ನೆ ಇದ್ದರು. ಕೆಳಗಿಂದ ಒಂದೂ ಗಾಡಿ ಹತ್ತಿ ಬರುತ್ತಿಲ್ಲ ಅಂತ ಗೊತ್ತಾಗಿದ್ದೇ ತಡ, ಒಂದು ಟಿಟಿ (ಟೆಂಪೋ ಟ್ರಾವೆಲರ್) ಬಲಕ್ಕೆ ಎಳೆದು ನುಗ್ಗಿತು. ಅದರ ಹಿಂದೆ ಇನ್ನೊಂದು, ಮತ್ತೊಂದು. ನಾನೂ ಸ್ಟೇರಿಂಗ್ ತಿರುಗಿಸಿದ್ದೆ, ಸುಳ್ಳು ಯಾಕೆ ಹೇಳಲಿ. ಭಾವ ಕೈ ಹಿಡಿದರು. "ಬೇಡ ಮಾರಾಯ. ಜೆಸಿಬಿ ಯಾವ ದಾರೀಲಿ ಬರಬೇಕು?"

ಭಾವ 2005ರಲ್ಲಿ ಅಮೆರಿಕದ ಹ್ಯೂಸ್ಟನ್‌ನಲ್ಲಿದ್ದರು. ಕತ್ರಿನಾ ಚಂಡಮಾರುತ ಬಂದು ನಾಲ್ಕು ವಾರ ಆಗಿರಲಿಲ್ಲ, ರೀಟಾ ಅನ್ನೋ ಇನ್ನೊಂದು ಬರುತ್ತೆ ಅಂದಾಗ ಹೆದರಿ ಇಪ್ಪತ್ತೈದು ಲಕ್ಷ ಜನ ಒಟ್ಟಿಗೇ ಊರು ಬಿಟ್ಟರಂತೆ. ಸಮುದ್ರದ ದಂಡೆಯವರು ಮೊದಲು ಹೋಗಬೇಕಿತ್ತು, ಆದರೆ ದೂರದಲ್ಲಿದ್ದವರೂ ಹೊರಟರು, ಅದರಲ್ಲಿ ಇವರೂ ಒಬ್ಬರು. ಡಲ್ಲಾಸ್‌ಗೆ ನಾಲ್ಕು ಗಂಟೆಯ ದಾರಿ, ಇವರಿಗೆ ಇಪ್ಪತ್ತು ದಾಟಿತು. ಪೆಟ್ರೋಲ್ ಉಳಿಸಲು ಎಸಿ ಆರಿಸಿ, ಆ ಸೆಕೆಯಲ್ಲಿ ಅಕ್ಕ ಪುಟ್ಟ ಮಗುವಿಗೆ ಪೇಪರ್‌ನಿಂದ ಗಾಳಿ ಹಾಕುತ್ತಾ ಕೂತಿದ್ದಳಂತೆ. ಕೊನೆಗೆ ಚಂಡಮಾರುತ ಪೂರ್ವಕ್ಕೆ ಸರಿದು ಲೂಯಿಸಿಯಾನಾ ರಾಜ್ಯದ ಗಡಿಗೆ ಹೋಯಿತು. ಗಾಳಿ ಮಳೆಗಿಂತ ಊರು ಬಿಡುವಾಗ ಸತ್ತವರೇ ಜಾಸ್ತಿ. ವೃದ್ಧಾಶ್ರಮದವರು ಹೋಗುತ್ತಿದ್ದ ಒಂದು ಬಸ್ಸಿಗೆ ಬೆಂಕಿ ಬಿದ್ದು ಅದರಲ್ಲೇ 23 ಜನ ಹೋದರು.

"ಪಕ್ಕದಲ್ಲೇ ಊರ ಕಡೆ ಬರುವ ರಸ್ತೆ ಖಾಲಿ ಬಿದ್ದಿತ್ತು, ಅದನ್ನ ನೋಡ್ತಾ ಕೂತಿದ್ವಿ" ಅಂದರು ಭಾವ. "ಹಾಗಾದ್ರೆ ನುಗ್ಗಬಹುದಿತ್ತಲ್ವಾ?" ಅಂದೆ. ಹಾಗಲ್ಲವಂತೆ. ಆ ರಸ್ತೆಯನ್ನು ಊರು ಬಿಡುವವರ ಕಡೆಗೆ ತಿರುಗಿಸಬೇಕಾದರೆ ಎದುರಿಂದ ಒಂದು ಗಾಡಿಯೂ ಬರದ ಹಾಗೆ ಪ್ರತಿ ಅಡ್ಡರಸ್ತೆಯ ಬಾಯಿಗೂ ಪೊಲೀಸರು ನಿಲ್ಲಬೇಕು, ಎರಡು ರಸ್ತೆಗಳು ಮತ್ತೆ ಸೇರುವ ಕಡೆ ಜಾಗ ಇರಬೇಕು. ಮೊದಲೇ ತಯಾರಿ ಇರಲಿಲ್ಲ, ಹಾಗಾಗಿ ತೆರೆಯುವುದು ತಡವಾಯಿತು. ನಮ್ಮಲ್ಲಿ ಪಾಪ, ತಯಾರಿ ಗಿಯಾರಿ ಬೇಕಿಲ್ಲ, ಪ್ರತಿ ಡ್ರೈವರೂ ತಾನೇ ತೆರೆದುಕೊಳ್ಳುತ್ತಾನೆ.

ಘಾಟಿಯಲ್ಲಿ ಫೋನ್ ಸಿಗುತ್ತಿರಲಿಲ್ಲ. ಭಾವ ಒಬ್ಬ ಬೈಕ್ ಹುಡುಗನನ್ನು ಕೊಟ್ಟಿಗೆಹಾರದ ಚೆಕ್‌ಪೋಸ್ಟ್‌ಗೆ ಓಡಿಸಿದರು, ಇನ್ನು ಯಾರನ್ನೂ ಕೆಳಗೆ ಬಿಡಬೇಡಿ ಅಂತ ಹೇಳಲು. ಆಮೇಲೆ ತಲೆಗೆ ಟವೆಲ್ ಸುತ್ತಿ ಬಲಕ್ಕೆ ನುಗ್ಗಿದ್ದವರ ಸಾಲಿನ ಬಾಲಕ್ಕೆ ನಡೆದರು. ನಾನೂ ಒಬ್ಬ ಲಾರಿ ಡ್ರೈವರೂ ಹಿಂದೆ. ಕೊನೆಗೆ ಬಂದ ಗಾಡಿ ಮೊದಲು ಹಿಂದೆ ಹೋಗಬೇಕಲ್ಲ, ಅದಕ್ಕೆ ಅಲ್ಲಿಂದಲೇ ಶುರು. ಒಂದೊಂದು ಕಿಟಕಿಗೂ ಬಡಿದು ರಿವರ್ಸ್ ಹಾಕಿಸಿದೆವು. ಮುಂದೆ ಪ್ರಪಾತ, ಹಿಂದೆ ಮಂಜು, ನಮ್ಮ ಟಾರ್ಚೇ ದಾರಿ. ಬೈಸಿಕೊಂಡದ್ದಕ್ಕೆ ಲೆಕ್ಕವಿಲ್ಲ. ಎಲ್ಲಕ್ಕಿಂತ ಮೊದಲು ನುಗ್ಗಿದ್ದ ಟಿಟಿಯವನು ಮಾತ್ರ "ನಂದೇ ತಪ್ಪು ಸಾರ್" ಅಂದ.

ಕತ್ತಲಾದ ಮೇಲೆ ಜೆಸಿಬಿ ಬಂತು. ನಮ್ಮ ಕನ್ನಡಿಗೆ ಒಂದು ಗೇಣು ಬಿಟ್ಟು, ಕೆಸರು ಹಾರಿಸುತ್ತಾ ದಾಟಿತು. ಅದರ ಹಿಂದೆಯೇ, ಎಲ್ಲಿ ಅಡಗಿತ್ತೋ, ಒಂದು ಬಿಳಿ ಕಾರು ಹಾರ್ನ್ ಹೊಡೆಯುತ್ತಾ ಹೋಯಿತು. ಭಾವ ಏನೂ ಅನ್ನಲಿಲ್ಲ, ಒದ್ದೆ ಟವೆಲ್ ಹಿಂಡಿದರು.