ಖಾಲಿ ಕುರ್ಚಿಯಲ್ಲಿ ಕೂತ ಅಣು

ಪರದೆಯ ಮೇಲೆ ಮೈನಸ್ 13 ಅಂತ ಬಂದಾಗ ನಾನು ಕುರ್ಚಿಯಿಂದ ಎದ್ದೇಬಿಟ್ಟೆ. ಡಾಕಿಂಗ್ ಅಂದರೆ ಪ್ರೊಟೀನಿನ ಗುಳಿಯಲ್ಲಿ ಔಷಧದ ಅಣು ಎಷ್ಟು ಗಟ್ಟಿಯಾಗಿ ಕೂರಬಹುದು ಅಂತ ಕಂಪ್ಯೂಟರಿನಲ್ಲಿ ಲೆಕ್ಕ ಹಾಕುವುದು. ಅಂಕಿ ಸೊನ್ನೆಯಿಂದ ಕೆಳಗಿಳಿದಷ್ಟೂ ಒಳ್ಳೆಯದು. ನಮ್ಮ ಕ್ಲಾಸಿನಲ್ಲಿ ಮೈನಸ್ 9 ಬಂದರೇ ಚಹಾ ಕೊಡಿಸುವ ಪದ್ಧತಿ ಇತ್ತು.

ನನ್ನ ಎಂ.ಎಸ್ಸಿ ಪ್ರಾಜೆಕ್ಟು ನೇಗ್ಲೇರಿಯಾ ಫೌಲೆರಿ ಮೇಲೆ. ಟಿವಿಯವರು ಮಿದುಳು ತಿನ್ನುವ ಅಮೀಬಾ ಅನ್ನುತ್ತಾರಲ್ಲ, ಅದೇ. ನಮ್ಮ ಮನೆ ಕಾಸರಗೋಡಿನ ಕಡೆ. 2024ರಲ್ಲಿ ಕೇರಳದಲ್ಲಿ ಒಂದರ ಹಿಂದೊಂದು ಕೇಸು ಬಂದಾಗ ಅಮ್ಮ ತೋಟದ ಕೆರೆಗೆ ಯಾರನ್ನೂ ಇಳಿಯಲು ಬಿಡಲಿಲ್ಲ. ಆ ಜುಲೈಯಲ್ಲಿ ಕೋಝಿಕ್ಕೋಡಿನ 14 ವರ್ಷದ ಹುಡುಗನೊಬ್ಬ ಬದುಕಿ ಮನೆಗೆ ಹೋದ. ಅಂಥವರು ಬಹಳ ಕಡಿಮೆ. ರೋಗ ಬಂದವರಲ್ಲಿ ನೂರಕ್ಕೆ 97ಕ್ಕಿಂತ ಜಾಸ್ತಿ ಜನ ಉಳಿಯುವುದಿಲ್ಲ. ಕೊಡುವ ಔಷಧಿಗಳೂ ಎರವಲು ತಂದವೇ: ಆಂಫೋಟೆರಿಸಿನ್ ಬಿ ಶಿಲೀಂಧ್ರದ್ದು, ಮಿಲ್ಟೆಫೊಸಿನ್ ಕಾಲಾ ಅಜರ್ ಎಂಬ ಜ್ವರದ್ದು.

ನಾನು ಹಿಡಿದ ಪ್ರೊಟೀನು ಸಿವೈಪಿ51 ಎಂಬ ಕಿಣ್ವ. ಅಮೀಬಾದ ಪೊರೆಗೆ ಬೇಕಾದ ಎರ್ಗೊಸ್ಟೆರಾಲ್ ತಯಾರಿಗೆ ಇದು ಬೇಕೇ ಬೇಕು. ಅಮೆರಿಕದ ವಿಜ್ಞಾನಿಗಳು ಇದನ್ನು ಹರಳುಗಟ್ಟಿಸಿ, ಎಕ್ಸ್-ರೇ ಹಾಯಿಸಿ, ಯಾವ ಪರಮಾಣು ಎಲ್ಲಿದೆ ಅಂತ ಗುರುತಿಸಿ ಪ್ರೊಟೀನ್ ಡೇಟಾ ಬ್ಯಾಂಕ್‌ನಲ್ಲಿ ಎಲ್ಲರಿಗೂ ಬಿಟ್ಟಿಯಾಗಿ ಇಟ್ಟಿದ್ದಾರೆ. ಅವರ ದುಡಿಮೆ ಎಷ್ಟೋ, ನನಗೆ ಅರ್ಧ ನಿಮಿಷದ ಡೌನ್‌ಲೋಡ್.

ಮೇಡಂ ಬಂದರು. ಅಂಕಿ ನೋಡಲೇ ಇಲ್ಲ. ಪ್ರೊಟೀನನ್ನು ಮೌಸಿನಿಂದ ಎರಡು ಸುತ್ತು ತಿರುಗಿಸಿ, "ಇದರೊಳಗೆ ಹೀಮ್ ಇತ್ತಲ್ಲ, ಎಲ್ಲಿ ಹೋಯ್ತಮ್ಮಾ?" ಅಂದರು.

ಹೊಟ್ಟೆಯೊಳಗೆ ಧಸಕ್ ಅಂತು. ಹರಳಿನ ಜೊತೆ ನೀರಿನ ಅಣು, ಉಪ್ಪು, ಏನೇನೋ ಬಂದಿರುತ್ತದೆ. ಹುಣಸೆಹಣ್ಣಿನ ನಾರು ತೆಗೆದ ಹಾಗೆ ತೆಗೆಯಬೇಕು. ಪ್ರೊಟೀನ್ ಅಲ್ಲದ್ದನ್ನೆಲ್ಲ ಸೆಲೆಕ್ಟ್ ಮಾಡಿ ಒಂದೇ ಏಟಿಗೆ ಅಳಿಸಿದ್ದೆ. ಅದರಲ್ಲಿ ಹೀಮ್ ಕೂಡ ಹೋಗಿತ್ತು, ಕಿಣ್ವ ಕೆಲಸ ಮಾಡಲು ಬೇಕಾದ, ಕಬ್ಬಿಣ ಹೊತ್ತ ತುಣುಕು. ಆ ಹೀಮ್‌ನ ನಡುವಿನ ಕಬ್ಬಿಣವನ್ನೇ ಪೊಸಕೊನಜೋಲ್‌ನಂಥ ಶಿಲೀಂಧ್ರದ ಔಷಧಿಗಳು ಹಿಡಿಯುವುದು! ನನ್ನ ಅಣು ಆ ಖಾಲಿ ಜಾಗಕ್ಕೆ ನುಗ್ಗಿತ್ತು, ಯಜಮಾನರು ಮನೆಯಲ್ಲಿಲ್ಲದಾಗ ಅವರ ಕುರ್ಚಿಯಲ್ಲಿ ಕಾಲು ಚಾಚಿ ಕೂತ ಹಾಗೆ.

ಹೀಮ್ ಇಟ್ಟು ರಾತ್ರಿಯಿಡೀ ಓಡಿಸಿದೆ. ಮೊದಲು, ಲೆಕ್ಕ ನಂಬಬಹುದೇ ಅಂತ ತಿಳಿಯಲು, ಹರಳಿನಲ್ಲೇ ಇದ್ದ ಪೊಸಕೊನಜೋಲನ್ನು ಹೊರಗೆ ತೆಗೆದು ಮತ್ತೆ ಕೂರಿಸಿ ನೋಡಿದೆ. ಹೆಚ್ಚುಕಡಿಮೆ ಅದೇ ಜಾಗಕ್ಕೆ ಬಂತು. ನಂತರ ನನ್ನ 40 ಅಣುಗಳು. ಬೆಳಿಗ್ಗೆ ಆರು ಉಳಿದಿದ್ದವು. ಮೈನಸ್ 13ರ ಮಹಾಶಯ ಅದರಲ್ಲಿ ಇರಲಿಲ್ಲ.

"ಈ ಆರರಲ್ಲಿ ರಕ್ತದಿಂದ ಮಿದುಳಿಗೆ ದಾಟುವುದು ಎಷ್ಟು?" ಮೇಡಂ ಮತ್ತೆ. ರೋಗಿಯ ಕೈಯಲ್ಲಿ ಲಕ್ಷಣ ಶುರುವಾದ ಮೇಲೆ ಇರುವುದೇ ಸುಮಾರು ಐದು ದಿನ. ಲೆಕ್ಕ ಹಾಕಿದೆ. ಎರಡು. ನಮ್ಮ ಮೈಯಲ್ಲೂ ಒಂದು ಸಿವೈಪಿ51 ಇದೆ, ಅದನ್ನು ಮುಟ್ಟಬಾರದು ಅನ್ನುವ ಪರೀಕ್ಷೆ ಇನ್ನೂ ಬಾಕಿ.

ಸಂಜೆ ಅಮ್ಮನ ಫೋನು. "ಔಷಧಿ ಸಿಕ್ಕಿತಾ ಮಗಾ? ನಾವು ನೀರು ಕುದಿಸಿಯೇ ಕುಡಿಯುವುದು ಈಗ."

"ಕುಡಿದರೆ ಇದು ಬರುವುದಿಲ್ಲಮ್ಮ, ಮೂಗಿಗೆ ಹೋಗಬಾರದು ಅಷ್ಟೇ" ಅಂದೆ.

"ಹಾಗಾದರೆ ಕೆರೆ?"

"ಕೆರೆ ಬೇಡ."